ಹಂಚಿಕೆಯ ಫೋಲ್ಡರಿನ ಕಡತಗಳು ಕೈತಪ್ಪಿ ಅಳಿಸಿಹೋಗದಂತೆ ನೋಡಿಕೊಳ್ಳುವುದು

ಕೊಡಗಿನ ಕಾಫಿ ಕಚೇರಿಯೊಂದರ ನಾಲ್ಕು ಕಂಪ್ಯೂಟರುಗಳನ್ನೂ ಅವೆಲ್ಲಕ್ಕೂ ಸೇರಿದ ಒಂದು ನಾಸ್ ಪೆಟ್ಟಿಗೆಯನ್ನೂ (ನೆಟ್‌ವರ್ಕಿನ ಮೂಲಕ ಎಲ್ಲರೂ ಫೈಲುಗಳನ್ನಿಡುವ ಡಿಸ್ಕುಗಳ ಪೆಟ್ಟಿಗೆ) ನೋಡಿಕೊಳ್ಳುವ ಕೆಲಸ ನನ್ನದು. ಕೆಲವು ವರ್ಷಗಳ ಹಿಂದೆ, ಫೆಬ್ರವರಿಯಲ್ಲಿ, ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬರಬಹುದೆಂದು ಅಂದಾಜು ಮಾಡಲು ಹಳೆಯ ಮಳೆ ಲೆಕ್ಕವನ್ನು ತೆರೆಯಹೋದಾಗ, ಇಂಚು ಸೆಂಟುಗಳಲ್ಲಿ (ಸೆಂಟೆಂದರೆ ಇಂಚಿನ ನೂರನೇ ಒಂದು ಭಾಗ) ದಿನದಿನವೂ ಬರೆದಿಟ್ಟಿದ್ದ ಹನ್ನೊಂದು ವರ್ಷಗಳ ಪಟ್ಟಿಯ ಫೋಲ್ಡರೇ ಅಲ್ಲಿರಲಿಲ್ಲ. ಹಿಂದಿನ ಜೂನ್‌ನಲ್ಲಿ ಜಾಗ ಸಾಲದೆ ಯಾರೋ ‘ಹಳೇದು’ ಎಂಬ ಫೋಲ್ಡರನ್ನು ಅಳಿಸಿದ್ದರು. ಆ ಹೆಸರಿಟ್ಟವನೂ ನಾನೇ, ನಾಸ್‌ನ ಕಸದ ಬುಟ್ಟಿ ಮೂವತ್ತು ದಿನಕ್ಕೆ ತಾನಾಗಿ ಖಾಲಿಯಾಗುವಂತೆ ಮಾಡಿದ್ದವನೂ ನಾನೇ ಆದ್ದರಿಂದ ಬೇರೆ ಯಾರನ್ನೂ ದೂರುವಂತಿರಲಿಲ್ಲ. ಮಳೆಮಾಪಕದ ಬಳಿ ಇಡುತ್ತಿದ್ದ ನೋಟ್‌ಬುಕ್ಕುಗಳಲ್ಲಿ ಏಳು ವರ್ಷದವು ಸಿಕ್ಕಿದವು. ಅವನ್ನು ಮತ್ತೆ ಟೈಪ್ ಮಾಡಿದೆವು. ಉಳಿದ ನಾಲ್ಕು ವರ್ಷ ಹೋದವು.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಒಂದು ಫೈಲ್ ಇಲ್ಲವೆಂಬುದು ಎಷ್ಟು ದಿನಕ್ಕೆ ನಮ್ಮ ಗಮನಕ್ಕೆ ಬರುತ್ತದೆ ಎಂಬುದು. ಗೂಗಲ್ ಡ್ರೈವ್ ಕಸದ ಬುಟ್ಟಿಯಲ್ಲಿ 30 ದಿನ ಇಡುತ್ತದೆ. ಕಚೇರಿಗಳು ಬಳಸುವ ಮೈಕ್ರೋಸಾಫ್ಟಿನ ಶೇರ್‌ಪಾಯಿಂಟ್ 93 ದಿನ ಇಡುತ್ತದೆ. ದಿನಾಲೂ ತೆರೆಯುವ ಫೈಲಿಗೆ ಇದು ಧಾರಾಳವಾಯಿತು. ಆದರೆ ಹಣ್ಣು ಕೊಯ್ಲಿನ ಚೆಕ್‌ರೋಲನ್ನು (ಕೂಲಿಯಾಳುಗಳ ಹಾಜರಿ ಮತ್ತು ಕೂಲಿಯ ಪಟ್ಟಿ) ಮಾರ್ಚ್‌ನಲ್ಲಿ ಮುಚ್ಚಿದರೆ ಮತ್ತೆ ತೆರೆಯುವುದು ಮುಂದಿನ ಡಿಸೆಂಬರಿನಲ್ಲಿ. ವರ್ಷಕ್ಕೊಮ್ಮೆ ಕೆಲಸಕ್ಕೆ ಬರುವ ದಾಖಲೆ ಇರುವ ಕಚೇರಿಯಲ್ಲಿ ಹಳೆಯ ಪ್ರತಿಗಳು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಉಳಿಯಲೇಬೇಕು. ನಾನೀಗ ಹದಿನಾಲ್ಕು ತಿಂಗಳು ಇಡುತ್ತಿದ್ದೇನೆ.

ವಿಂಡೋಸ್‌ನಲ್ಲಿ ಸ್ವಂತ ಡಿಸ್ಕಿನಿಂದ ಅಳಿಸಿದ್ದು ರಿಸೈಕಲ್ ಬಿನ್ನಿಗೆ ಹೋಗುತ್ತದೆ. ನೆಟ್‌ವರ್ಕ್ ಡ್ರೈವಿನಿಂದ ಅಳಿಸಿದ್ದು ಸಾಮಾನ್ಯವಾಗಿ ಅಲ್ಲಿಗೂ ಹೋಗದೆ ನೇರವಾಗಿ ಮಾಯವಾಗುತ್ತದೆ. ಪರದೆಯ ಮೇಲೆ ಎರಡೂ ಒಂದೇ ತರಹದ ಫೋಲ್ಡರಾಗಿ ಕಾಣುವುದರಿಂದ ಈ ವ್ಯತ್ಯಾಸ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ನಾಸ್‌ನ ಪ್ರತಿ ಹಂಚಿಕೆಯ ಫೋಲ್ಡರಿಗೂ ಅದರದೇ ಕಸದ ಬುಟ್ಟಿಯನ್ನು ಚಾಲೂ ಮಾಡಿ, ಅದನ್ನು ಖಾಲಿ ಮಾಡುವ ಅನುಮತಿಯನ್ನು ಒಬ್ಬರಿಗೆ ಮಾತ್ರ ಕೊಡಬೇಕು.

ಅನುಮತಿಯ ವಿಷಯವೇ ಹೆಚ್ಚು ಸೂಕ್ಷ್ಮವಾದದ್ದು. ಬರೆಯುವ ಅನುಮತಿ ಬೇರೆ, ಅಳಿಸುವ ಅನುಮತಿ ಬೇರೆ. ವಿಂಡೋಸ್‌ನ ‘ಮಾಡಿಫೈ’ ಎಂಬ ಆಯ್ಕೆಯಲ್ಲಿ ಎರಡೂ ಸೇರಿಕೊಂಡಿರುತ್ತವೆ. ಹಾಗಾದರೆ ಅಳಿಸುವುದನ್ನು ಮಾತ್ರ ತೆಗೆದುಹಾಕಿದರೆ ಮುಗಿಯಿತಲ್ಲ ಎಂದುಕೊಂಡು ನಾನೂ ಹಾಗೆಯೇ ಮಾಡಿದೆ. ಮರುದಿನ ಬೆಳಿಗ್ಗೆ ತೋಟದ ಲೆಕ್ಕ ಬರೆಯುವ ರೈಟರು ಬಂದು, “ಸರ್, ಚೆಕ್‌ರೋಲ್ ಸೇವ್ ಆಗ್ತಾ ಇಲ್ಲ” ಎಂದರು. ಫೋಲ್ಡರಿನ ತುಂಬ ಎಂಟೆಂಟು ಅಕ್ಷರಗಳ, ಅರ್ಥವಿಲ್ಲದ ಹೆಸರಿನ ಫೈಲುಗಳು ಬಿದ್ದಿದ್ದವು. ಎಕ್ಸೆಲ್ ಸೇವ್ ಮಾಡುವಾಗ ಹೊಸದೊಂದು ತಾತ್ಕಾಲಿಕ ಫೈಲ್ ಬರೆದು, ಹಳೆಯದನ್ನು ತೆಗೆದು, ಹೊಸದಕ್ಕೆ ಹಳೆಯ ಹೆಸರನ್ನು ಕೊಡುತ್ತದೆ. ಅಳಿಸುವ ಅನುಮತಿ ಇಲ್ಲದಿದ್ದರೆ ಅದು ನಡುದಾರಿಯಲ್ಲಿ ನಿಲ್ಲುತ್ತದೆ. ಹೆಸರು ಬದಲಿಸುವುದಕ್ಕೂ ಇದೇ ಅನುಮತಿ ಬೇಕು.

ಆಮೇಲೆ ಕಂಡುಕೊಂಡ ದಾರಿಯೆಂದರೆ ಫೋಲ್ಡರನ್ನೇ ಎರಡು ಮಾಡುವುದು. ‘ಈ ವರ್ಷ’ ಎಂಬುದರಲ್ಲಿ ಕೆಲಸ ಮಾಡುವವರಿಗೆ ಪೂರ್ತಿ ಅನುಮತಿ ಇರುತ್ತದೆ. ಅದನ್ನು ಕಾಯುವುದು ನಾಸ್ ಗಂಟೆಗೊಮ್ಮೆ ತೆಗೆಯುವ ಸ್ನ್ಯಾಪ್‌ಶಾಟ್, ಅಂದರೆ ಫೋಲ್ಡರು ಆ ಹೊತ್ತಿಗೆ ಇದ್ದ ಸ್ಥಿತಿಯ ದಾಖಲೆ. ಲೆಕ್ಕ ಮುಚ್ಚಿದ ಫೈಲುಗಳೆಲ್ಲ ಮಾರ್ಚ್ 31ರ ನಂತರ ‘ಮುಗಿದ ವರ್ಷಗಳು’ ಎಂಬುದಕ್ಕೆ ಹೋಗುತ್ತವೆ, ಅಲ್ಲಿ ಎಲ್ಲರಿಗೂ ಓದುವ ಅನುಮತಿ ಮಾತ್ರ. ನನ್ನ ದಿನಬಳಕೆಯ ಲಾಗಿನ್‌ಗೂ ಅಷ್ಟೇ. ಅಡ್ಮಿನ್ ಲಾಗಿನ್ ಬೇರೆಯಿದೆ, ಅದರ ಪಾಸ್‌ವರ್ಡನ್ನು ಬ್ರೌಸರಿನಲ್ಲಿ ಉಳಿಸಿಲ್ಲ. ಗೂಗಲ್ ವರ್ಕ್‌ಸ್ಪೇಸ್ ಇರುವವರಿಗೆ ಕೆಲಸ ಸುಲಭ: ಶೇರ್ಡ್ ಡ್ರೈವಿನಲ್ಲಿ ಕಂಟ್ರಿಬ್ಯೂಟರ್ ಆದವರು ತಿದ್ದಬಲ್ಲರು, ಅಳಿಸಲಾರರು. ಲಿನಕ್ಸ್ ಸರ್ವರ್ ಆದರೆ ಫೋಲ್ಡರಿಗೆ ಸ್ಟಿಕಿ ಬಿಟ್ ಹಾಕಬಹುದು; ಆಗ ಒಬ್ಬರ ಫೈಲನ್ನು ಇನ್ನೊಬ್ಬ ಬಳಕೆದಾರರು ಅಳಿಸಲಾಗದು.

ಕಳೆಯಿತೆಂದು ಗಾಬರಿಯಾಗುವ ಫೈಲುಗಳಲ್ಲಿ ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಅಳಿಸಿಯೇ ಇರುವುದಿಲ್ಲ. ಮೌಸ್ ಸ್ವಲ್ಪ ಜಾರಿ ಒಂದು ಫೋಲ್ಡರು ಪಕ್ಕದ ಫೋಲ್ಡರಿನ ಹೊಟ್ಟೆಯೊಳಗೆ ಸೇರಿರುತ್ತದೆ. ಮೊದಲು ಹೆಸರು ಹಾಕಿ ಹುಡುಕಬೇಕು. ಆಗತಾನೇ ಆದದ್ದಾದರೆ ಅದೇ ಕಂಪ್ಯೂಟರಿನಲ್ಲಿ ಕಂಟ್ರೋಲ್ ಝಡ್ ಒತ್ತಿದರೆ ಸ್ವಸ್ಥಾನಕ್ಕೆ ಮರಳುತ್ತದೆ.

ಎರಡು ಡಿಸ್ಕಿನ ರೇಡ್ (ಒಂದರಲ್ಲಿ ಬರೆದದ್ದು ತಕ್ಷಣ ಇನ್ನೊಂದರಲ್ಲೂ ಬರೆಯಲ್ಪಡುವ ಜೋಡಣೆ) ಇದೆ, ಕ್ಲೌಡಿಗೆ ಸಿಂಕ್ ಆಗುತ್ತಿದೆ ಎಂಬ ಧೈರ್ಯ ಇಲ್ಲಿ ಸಲ್ಲದು, ಏಕೆಂದರೆ ಒಂದು ಕಡೆ ಅಳಿಸಿದ್ದನ್ನು ಇವು ಇನ್ನೊಂದು ಕಡೆಯೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತವೆ. ಬ್ಯಾಕಪ್ ಎಂದರೆ ಬೇರೆಯಾಗಿ ಇರುವ ಪ್ರತಿ. ನಾವು ತಿಂಗಳಿಗೊಮ್ಮೆ ಎರಡು ಹೊರಗಿನ ಹಾರ್ಡ್ ಡಿಸ್ಕುಗಳಿಗೆ ನಕಲು ಮಾಡಿ, ಒಂದನ್ನು ಮೈಸೂರಿನಲ್ಲಿ ಇಡುತ್ತೇವೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದದ್ದನ್ನು ಕಂಡವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಇಲ್ಲಿರುವ ಡಿಸ್ಕು ಮಳೆಗಾಲ ಮುಗಿಯುವವರೆಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇರುತ್ತದೆ.

ತೆಗೆದು ನೋಡದ ಬ್ಯಾಕಪ್ಪನ್ನು ನಂಬುವಂತಿಲ್ಲ. 2017ರ ಜನವರಿ 31ರಂದು ತಂತ್ರಾಂಶ ಬರೆಯುವವರ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಅಳಿಸಿದಾಗ, ಇದ್ದ ಹಲವು ಬಗೆಯ ಬ್ಯಾಕಪ್‌ಗಳು ಕೈಕೊಟ್ಟು, ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಒಂದು ಪ್ರತಿ ಸಿಕ್ಕಿತು. ನಾವು ಪ್ರತಿ ಸೆಪ್ಟೆಂಬರಿನಲ್ಲಿ, ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿಗೆ ಮನೆಗಳಲ್ಲಿ ಕೋವಿ ಒರೆಸಿ ಪೂಜೆಗಿಡುವ ವಾರದಲ್ಲಿ, ಹಳೆಯ ಡಿಸ್ಕಿನಿಂದ ಯಾವುದಾದರೂ ಒಂದು ತಿಂಗಳ ಮಳೆ ಪಟ್ಟಿಯನ್ನು ಬೇರೆ ಕಂಪ್ಯೂಟರಿಗೆ ಇಳಿಸಿ, ತೆರೆದು, ಸೆಂಟುಗಳ ಮೊತ್ತವನ್ನು ನೋಟ್‌ಬುಕ್ಕಿನ ಮೊತ್ತದೊಂದಿಗೆ ತಾಳೆ ನೋಡುತ್ತೇವೆ. ಅರ್ಧ ಗಂಟೆಯ ಕೆಲಸ. ಮೊದಲ ವರ್ಷ ತಾಳೆಯಾಗಲಿಲ್ಲ. ಜುಲೈನ ಫೈಲ್ ಅರ್ಧ ಮಾತ್ರ ನಕಲಾಗಿತ್ತು, ನಕಲಿನ ನಡುವೆ ಕರೆಂಟ್ ಹೋದದ್ದನ್ನು ಯಾರೂ ಗಮನಿಸಿರಲಿಲ್ಲ. ಈಗ ಆ ಕಂಪ್ಯೂಟರಿಗೊಂದು ಯುಪಿಎಸ್ ಇದೆ.