ಆಶ್ರಯ ಕಾಲೊನಿಯಲ್ಲಿ ಮನೆ ಹಿಡಿಯುವ ಮುನ್ನ

ಬಳ್ಳಾರಿಗೆ ಹೊಸದಾಗಿ ಬಂದವರಿಗೆ ಮೊದಲು ಸಿಗುವ ಬುದ್ಧಿಮಾತು: ‘ಆಶ್ರಯ ಕಾಲೊನಿ ಕಡೆ ಮನೆ ಬ್ಯಾಡ್ರೀ, ಕಳ್ಳರ ಕಾಟ.’ ಆಶ್ರಯ ಕಾಲೊನಿ ಅಂದರೆ ಸರ್ಕಾರ ಬಡವರಿಗೆ ಮಂಜೂರು ಮಾಡಿದ ಮನೆಗಳ ಬಡಾವಣೆ. ಈ ಬುದ್ಧಿಮಾತನ್ನು ಪೂರ್ತಿ ನಂಬಬೇಡಿ. ಅಮೆರಿಕದಲ್ಲಿ ತೆರಿಗೆ ರಿಯಾಯಿತಿಯಡಿ ಕಟ್ಟಿದ ಅಗ್ಗದ ಬಾಡಿಗೆ ಮನೆಗಳ ಬಗ್ಗೆ ಅರ್ಥಶಾಸ್ತ್ರಜ್ಞರಾದ ಫ್ರೀಡ್‌ಮನ್ ಮತ್ತು ಓವೆನ್ಸ್ 2011ರಲ್ಲಿ ಅಧ್ಯಯನ ಪ್ರಕಟಿಸಿದರು. ತೀರ ಬಡ ಪ್ರದೇಶಗಳಲ್ಲಿ ಅಂಥ ಮನೆ ಎದ್ದಾಗ ಹೊಡೆದಾಟ, ಸುಲಿಗೆಯಂಥ ಅಪರಾಧ ಇಳಿದಿತ್ತು. ಕಳ್ಳತನದಲ್ಲಿ ಗುರುತಿಸುವಂಥ ವ್ಯತ್ಯಾಸ ಇರಲಿಲ್ಲ. ಅಲ್ಲಿಯ ಲೆಕ್ಕ ಇಲ್ಲಿಗೆ ಹಾಗೇ ಹೊಂದದು, ನಿಜ. ಆದರೂ ಭಯಪಡಬೇಕಾದ್ದು ಬಡವರಿರುವ ಮನೆಗಲ್ಲ, ಯಾರೂ ಇಲ್ಲದ ಮನೆಗೆ.

ಮಂಜೂರಾದರೂ ನೀರಿಲ್ಲ, ಕೆಲಸದ ಜಾಗ ದೂರ ಎಂದು ಜನ ಬರದೆ ಉಳಿದ ಮನೆಗಳುಂಟು. ಮೊದಲು ಅಲ್ಲಿಯ ನಲ್ಲಿ, ವೈರು ಹೋಗುತ್ತವೆ, ಆಮೇಲೆ ಬಾಗಿಲು, ಕೊನೆಗೆ ಅದು ಕುಡುಕರ ಅಡ್ಡೆ. ಓಣಿಯ ಹತ್ತು ಮನೆಯಲ್ಲಿ ಮೂರು ಹೀಗಿದ್ದರೆ ಬೇರೆ ಓಣಿ ನೋಡಿ. ನೋಡಲು ಎರಡು ಸಲ ಹೋಗಿ: ಮಧ್ಯಾಹ್ನ ಒಮ್ಮೆ, ರಾತ್ರಿ ಒಂಬತ್ತರ ಮೇಲೆ ಒಮ್ಮೆ. ಬೀದಿದೀಪ ಉರಿಯದಿದ್ದರೆ ಕಂಬದ ನಂಬರ್ ಬರೆದು ಪಾಲಿಕೆಗೆ ಅರ್ಜಿ ಕೊಡಿ. ವಿದ್ಯುತ್ ಕಂಪನಿ ಜೆಸ್ಕಾಂನ ಸಹಾಯವಾಣಿ 1912 ಮನೆಯ ಕರೆಂಟಿಗೆ. ಬಲ್ಬ್ ಬದಲಿಸುವುದು ಪಾಲಿಕೆಯ ಕೆಲಸ. ಇದು ತಿಳಿಯದೆ ತಿಂಗಳುಗಟ್ಟಲೆ ಕತ್ತಲಲ್ಲಿರುವ ಓಣಿಗಳಿವೆ.

ಮೂರಂತಸ್ತಿನ ಬ್ಲಾಕ್ ಆದರೆ ಮಾಳಿಗೆ ಬಾಗಿಲಿನ ಕೀಲಿ ಯಾರ ಹತ್ತಿರ ಎಂದು ಕೇಳಿ. ‘ಯಾರ ಹತ್ರನೂ ಇಲ್ರೀ’ ಎಂದರೆ ಮೆಟ್ಟಿಲು ಊರ ಸೊತ್ತು ಎಂದೇ ಅರ್ಥ. ಏಪ್ರಿಲ್-ಮೇ ಸೆಕೆಗೆ ಎಲ್ಲರೂ ಮಾಳಿಗೆ ಮೇಲೆ ಮಲಗುತ್ತಾರೆ, ಕೆಳಗೆ ಬಾಗಿಲು ಬರೀ ಮುಚ್ಚಿರುತ್ತದೆ. ಕೀಲಿ ಹಾಕಿಯೇ ಹತ್ತಿ, ಫೋನು ಚಾರ್ಜಿಗೆ ಕಿಟಕಿ ಪಕ್ಕ ಬಿಡಬೇಡಿ.

ಹಕ್ಕುಪತ್ರ ಯಾರ ಹೆಸರಲ್ಲಿದೆ ನೋಡಿ, ಕರಾರು ಅವರ ಜತೆಗೇ ಆಗಲಿ. ಪರಭಾರೆ ನಿಷೇಧದ ಅವಧಿಯಲ್ಲಿ, ಅಂದರೆ ಮನೆ ಮಾರಬಾರದೆಂಬ ಷರತ್ತಿರುವಾಗ, ನೋಟರಿ ಕಾಗದದ ಮೇಲೆ ‘ಮಾರಿದ’ ಮನೆ ನಿಮ್ಮದಾಗದು. ದುಡ್ಡು ಹೋದ ಮೇಲೆ ಹೊರಹಾಕಿದರೆ ಕೇಳುವ ಬಾಯೂ ಇರದು.

ಕಳವಾದರೆ 112ಕ್ಕೆ ಕರೆ ಮಾಡಿ, ಪೊಲೀಸರು ಬರುವವರೆಗೆ ಬೀರು ಮುಟ್ಟಬೇಡಿ. ‘ನಮ್ಮ ಸರಹದ್ದಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಕಾನೂನಿನಂತೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಎಫ್‌ಐಆರ್ ಪ್ರತಿ ಉಚಿತ. ಬಂಗಾರದ ರಸೀದಿ ಜೋಪಾನವಾಗಿಡಿ, ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ನಂಬರ್ ಮೊದಲೇ ಬರೆದಿಡಿ. ಫೋನ್ ಬ್ಲಾಕ್ ಮಾಡಲು ಕೇಂದ್ರ ಸರ್ಕಾರದ ಸಿಇಐಆರ್ ಜಾಲತಾಣದಲ್ಲಿ ಆ ನಂಬರೇ ಬೇಕು.

ದುರ್ಗಮ್ಮನ ಸಿಡಿಬಂಡಿ ಉತ್ಸವಕ್ಕೋ ಊರ ಜಾತ್ರೆಗೋ ಮನೆಮಂದಿಯೆಲ್ಲ ಹೊರಟರೆ ಬೀಟ್ ಪೊಲೀಸರಿಗೆ ತಿಳಿಸಿ. ಕೀಲಿಯನ್ನು ಮೀಟರ್ ಡಬ್ಬಿಯ ಮೇಲಲ್ಲ, ಪಕ್ಕದ ಮನೆಯ ಅಕ್ಕನ ಕೈಯಲ್ಲಿಡಿ. ಸಂಜೆ ಒಂದು ದೀಪ ಹಚ್ಚಲು ಅವರಿಗೇ ಹೇಳಿ.