ಇಮ್ವಾಸ್‌ಗೆ ದಾರಿ ಕೇಳುತ್ತಾ

ಪ್ಯಾಲೆಸ್ತೀನಿ ಮನೆಗೆ ಕ್ಯಾಮೆರಾ ಹಿಡಿದು ಹೋದರೆ ಅಲಮಾರಿನಿಂದ, ಬಿಟ್ಟು ಬರಬೇಕಾದ ಹಳೇ ಮನೆಯ ಬೀಗದ ಕೈ ಬರುತ್ತದೆ. ಅದನ್ನು ಎಷ್ಟೋ ಚಿತ್ರಗಳಲ್ಲಿ ನೋಡಿದ್ದೇವೆ, ಅಲ್ವಾ? ನನ್ನ ಸಾಕ್ಷ್ಯಚಿತ್ರಕ್ಕೆ ಬೇಕಿದ್ದದ್ದು ಆ ಬಾಗಿಲ ಆಚೆಗಿದ್ದ ಬೀದಿ. 'ತಾಯ್ನಾಡು ಅಂದರೆ ನಿಮಗೇನು?' ಅಂತ ಯಾರನ್ನೂ ಕೇಳಲಿಲ್ಲ, ಅದಕ್ಕೆ ಭಾಷಣ ಬರುತ್ತದೆ. ಸುಮ್ನೆ ದಾರಿ ಕೇಳಿದೆ.

ನಾನು ಆರಿಸಿಕೊಂಡ ಊರು ಇಮ್ವಾಸ್, ಜೆರುಸಲೇಮ್‌ನಿಂದ ಟೆಲ್ ಅವೀವ್‌ಗೆ ಹೋಗುವ ದಾರಿಯಲ್ಲಿರುವ ಲಾತ್ರೂನ್ ಹತ್ತಿರ. 1967ರ ಜೂನ್ ಯುದ್ಧದಲ್ಲಿ ಇಸ್ರೇಲಿ ಸೇನೆ ಇಮ್ವಾಸ್, ಯಾಲೊ, ಬೈತ್ ನೂಬಾ ಊರುಗಳ ಜನರನ್ನು ಹೊರಡಿಸಿ ಮನೆಗಳನ್ನು ನೆಲಸಮ ಮಾಡಿತು. ಜನ ರಾಮಲ್ಲಾ ಕಡೆಗೆ ನಡೆದರು. ಹಲವರು ಜೋರ್ಡಾನ್ ನದಿ ದಾಟಿ ಜೋರ್ಡಾನ್ ದೇಶ ಸೇರಿದರು. ಇಮ್ವಾಸ್, ಯಾಲೊ ಇದ್ದ ಜಾಗದಲ್ಲಿ ಈಗ ಕೆನಡಾ ಪಾರ್ಕ್ ಇದೆ, ಕೆನಡಾದಿಂದ ಬಂದ ದೇಣಿಗೆಯಲ್ಲಿ ಬೆಳೆಸಿದ ಕಾಡು. 1948ರ ನಕ್ಬಾದಲ್ಲಿ, ಅಂದರೆ ಇಸ್ರೇಲ್ ಹುಟ್ಟಿದ ಹೊತ್ತಿನ ಯುದ್ಧದಲ್ಲಿ, ಏಳು ಲಕ್ಷಕ್ಕೂ ಜಾಸ್ತಿ ಪ್ಯಾಲೆಸ್ತೀನಿ ಜನ ನೆಲೆ ಕಳೆದುಕೊಂಡರು. ಅದನ್ನು ದೊಡ್ಡವರಾಗಿ ಕಂಡವರು ಈಗ ಬಹಳ ಕಡಿಮೆ. 1967ರಲ್ಲಿ ಹರೆಯದಲ್ಲಿದ್ದವರಾದರೆ ಇನ್ನೂ ಸಿಗುತ್ತಾರೆ.

ಜೋರ್ಡಾನ್ ರಾಜಧಾನಿ ಅಮ್ಮಾನ್‌ನಲ್ಲಿ ಇಮ್ವಾಸ್‌ನ ಒಬ್ಬ ಅಜ್ಜಿ ಸಿಕ್ಕಿದರು. ನಾನು ಕೇಳಿದರೆ ಒಂದೆರಡು ಮಾತಲ್ಲಿ ಉತ್ತರ ಮುಗಿಯುತ್ತಿತ್ತು. ಪ್ರಶ್ನೆ ಕೇಳುವ ಕೆಲಸ ಮೊಮ್ಮಗಳಿಗೆ ಕೊಟ್ಟೆ. ನೀರಿಗೆ ಯಾವ ಕಡೆ ಹೋಗ್ತಿದ್ರಿ? ಬಲಗಡೆ ಯಾರ ಮನೆ? ಆ ಅಂಜೂರದ ಮರ ಯಾರದು? ಅಜ್ಜಿಯ ಮಾತು ನಿಲ್ಲಲೇ ಇಲ್ಲ. ನಡುವೆ ಅನುವಾದಕ್ಕೆ ತಡೆಯಲಿಲ್ಲ, ಅರ್ಥವನ್ನು ರಾತ್ರಿ ಕೂತು ಬರೆಸಿಕೊಂಡೆ. ಅಜ್ಜಿಗೆ ಕಾಲರ್ ಮೈಕ್ ಹಾಕಿ, ಕೋಣೆಯ ಮಾತಿಗೆ ಬೇರೆ ರೆಕಾರ್ಡರ್ ಇಟ್ಟಿದ್ದೆ. ಅದು ತುಂಬಾ ಉಪಯೋಗಕ್ಕೆ ಬಂತು. ನೆಂಟರು ಬಂದು ಕೂತರು, ಮಸೀದಿಯಿಂದ ಬಾವಿಗೆ ಎಷ್ಟು ದೂರ ಅಂತ ವಾದ ಶುರುವಾಯಿತು. ಊರು ನೋಡದ ಹುಡುಗರೂ ಪಕ್ಷ ವಹಿಸಿದರು! ಆ ವಾದ ಚಿತ್ರದಲ್ಲಿ ಪೂರ್ತಿ ಇದೆ. ಇಡೀ ಚಿತ್ರದಲ್ಲಿ ನನಗೆ ಅತಿ ಪ್ರಿಯವಾದ ಭಾಗ ಅದೇ.

ಪಾರ್ಕಿಗೆ ಹೋದವಳು ನಾನೊಬ್ಬಳೇ. ಭಾರತದ ಪಾಸ್‌ಪೋರ್ಟ್ ಹಿಡಿದ ನನಗೆ ವೀಸಾ ಸಿಕ್ಕಿತು. ಅಲ್ಲೇ ಹುಟ್ಟಿದ ಅಜ್ಜಿ ಮರಳಿ ಹೋಗಿ ಬದುಕುವಂತಿಲ್ಲ. ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹೆಡ್‌ಫೋನ್‌ನಲ್ಲಿ ಅವರ ಧ್ವನಿ ಹಾಕಿಕೊಂಡು, ಆ ಮಾತಿನ ವೇಗಕ್ಕೆ ನಡೆಯುತ್ತಾ ಶೂಟ್ ಮಾಡಿದೆ. ಊರವರು ಅಬೂ ಉಬೈದಾ ದರ್ಗಾ ಅನ್ನುತ್ತಿದ್ದ ಕಟ್ಟಡ ಇನ್ನೂ ನಿಂತಿದೆ. ಮೂಲದಲ್ಲಿ ಅದು ರೋಮನ್ ಕಾಲದ ಸ್ನಾನಗೃಹ. ಅಲ್ಲಿಂದ ಮಿಕ್ಕ ದಾರಿ ಹೊಂದಿಸಿಕೊಂಡೆ. ಪೈನ್ ಮರಗಳ ನಡುವೆ ಪಾಪಾಸುಕಳ್ಳಿ ಸಾಲು ಕಂಡರೆ ನಿಲ್ಲುತ್ತಿದ್ದೆ. ಅಲ್ಲಿನ ರೈತರು ಬೇಲಿಗೆ ನೆಡುತ್ತಿದ್ದದ್ದು ಅದನ್ನೇ. ಮನೆ ಹೋದರೂ ಅದು ಮತ್ತೆ ಚಿಗುರುತ್ತದೆ.

ಎಡಿಟಿಂಗ್‌ನಲ್ಲಿ ಸಂಗೀತ ಹಾಕಲಿಲ್ಲ. ಕಾಡಿನ ಚಿತ್ರ, ಮೇಲೆ ಅಜ್ಜಿಯ ಮಾತು, ಅಷ್ಟೇ. ಮುಗಿಸುವ ಮೊದಲು ಅವರ ಮನೆಯಲ್ಲೇ ತೋರಿಸಿದೆ. ದಾರಿಯಲ್ಲಿ ಬರುವ ಪ್ರತಿ ಮನೆತನದ ಹೆಸರೂ ಪರದೆ ಮೇಲೆ ಬರಬೇಕು ಅಂದರು. ಹಾಕಿದೆ.

1982ರಲ್ಲಿ ಇಸ್ರೇಲ್ ಬೈರೂತ್‌ಗೆ ನುಗ್ಗಿದಾಗ ಪ್ಯಾಲೆಸ್ತೀನಿ ಚಳವಳಿಯ ಸಿನಿಮಾ ಸಂಗ್ರಹವೇ ಕಾಣೆಯಾಯಿತು. ಅದು ಗೊತ್ತಿದ್ದರಿಂದ, ಕತ್ತರಿಸದ ಫುಟೇಜ್ ಎಲ್ಲವನ್ನೂ ಹಾರ್ಡ್ ಡಿಸ್ಕ್‌ಗೆ ಹಾಕಿ ಬೇರೆ ಬೇರೆ ಮನೆಗಳಿಗೆ ಕೊಟ್ಟಿದ್ದೇನೆ.