ಅಳತೆ ಬ್ಲೌಸ್ ಲೆಕ್ಕದಲ್ಲೇ ಆನ್‌ಲೈನ್ ಬಟ್ಟೆಯ ಸೈಜ್: ನನ್ನ ಅನುಭವ

ಸುಮಾರು ಒಂದೂವರೆ ವರ್ಷದಿಂದ ನಾನು ಆನ್‌ಲೈನ್‌ನಲ್ಲಿ ತರಿಸುವ ಬಟ್ಟೆಗಳಲ್ಲಿ ಹತ್ತಕ್ಕೆ ಒಂಬತ್ತು ಮೊದಲ ಸಲವೇ ಮೈಗೆ ಸರಿಯಾಗಿ ಕೂರುತ್ತಿವೆ. ನನ್ನದು, ಯಜಮಾನರದು, ಇಬ್ಬರು ಮಕ್ಕಳದು, ಜೊತೆಗೆ ಆಫೀಸಿನ ನಾಲ್ಕೈದು ಜನರದು. ಎಲ್ಲರ ಆರ್ಡರ್ ಹಾಕುವುದು ನಾನೇ. ಶುರುವಿನಲ್ಲಿ ಇದನ್ನು ಯಾರೂ ನಂಬಲಿಲ್ಲ. "ಅತ್ತಿಗೆ, ಇಷ್ಟೆಲ್ಲ ತಲೆ ಯಾಕೆ ಕೆಡಿಸ್ಕೊಳ್ತೀರಾ? ಒಂದು ಸೈಜ್ ದೊಡ್ಡದು ತಗೊಂಡು ಹಿಡಿಸಿಬಿಡಿ" ಅಂತ ನಾದಿನಿ. "ಫೋಟೋ ನೋಡಿ ತಗೊಂಡಿದ್ದು ಮೈಗೆ ಕೂರಲ್ಲ ಮೇಡಂ" ಅಂತ ನಮ್ಮ ಟೈಲರ್. ಈಗ ಅವರ ಹತ್ತಿರ ನನ್ನ ಆಲ್ಟರೇಶನ್ ಹೋಗುವುದೇ ಅಪರೂಪ.

ಹೇಗೆ ಮಾಡ್ತೀರಾ ಅಂತ ಕೇಳುವವರು ಜಾಸ್ತಿ ಆದರು, ಅದಕ್ಕೇ ಬರೆಯುತ್ತಿದ್ದೇನೆ. ಆ್ಯಪ್ ಬಳಸುವುದು, ಟೇಪ್ ಹಿಡಿಯುವುದು ನಿಮಗೆ ಗೊತ್ತೇ ಇದೆ. ಅದನ್ನೆಲ್ಲ ಬಿಟ್ಟಿದ್ದೇನೆ.

ವಿಷಯ ಇಷ್ಟೇ. ಟೈಲರ್ ಹತ್ತಿರ ಹೋಗುವಾಗ ನಾವೆಲ್ಲ ಅಳತೆ ಬ್ಲೌಸ್ ಕೊಡುತ್ತೇವೆ, ಅಲ್ವಾ? ಮೈ ಅಳತೆ ಕೊಟ್ಟಾಗ ಬರುವುದಕ್ಕಿಂತ ಅದು ಸರಿಯಾಗಿ ಬರುತ್ತದೆ. ಆನ್‌ಲೈನ್‌ಗೂ ಅದೇ. ಬೀರುವಿನಲ್ಲಿ ನಿಮಗೆ ಚೆನ್ನಾಗಿ ಕೂರುವ ಒಂದು ಕುರ್ತಾ, ಒಂದು ಪ್ಯಾಂಟು, ಒಂದು ಟಿ-ಶರ್ಟ್ ಆರಿಸಿ. ಅವುಗಳ ಅಳತೆ ತೆಗೆಯಿರಿ. ಸೈಜ್ ಚಾರ್ಟ್, ಅಂದರೆ ಯಾವ ಸೈಜ್‌ಗೆ ಎಷ್ಟು ಇಂಚು ಅನ್ನುವ ಪಟ್ಟಿ ನೋಡಿ ಆ ಅಳತೆಗೆ ಹೊಂದುವ ಬಟ್ಟೆ ಹುಡುಕಿ. ಎಸ್, ಎಂ, ಎಲ್ ಅನ್ನುವ ಅಕ್ಷರ ನೋಡಲೇಬೇಡಿ.

ಇದಕ್ಕೆ ಬರುವ ಮೊದಲು ನಾಲ್ಕು ದಾರಿ ನೋಡಿದ್ದೆ. ನಾಲ್ಕರಲ್ಲೂ ದುಡ್ಡು ಹೋಯಿತು.

ಮೊದಲನೆಯದು, ಒಂದು ಸೈಜ್ ದೊಡ್ಡದು ತರಿಸಿ ಹಿಡಿಸುವುದು. ನಾನೂರು ರೂಪಾಯಿಯ ಕುರ್ತಾಗೆ ಎರಡೂ ಪಕ್ಕ ಹಿಡಿಸಲು ನಮ್ಮ ದಾವಣಗೆರೆಯಲ್ಲಿ 60–80 ರೂಪಾಯಿ. ಅದನ್ನು ಕೊಡೋಣ. ಆದರೆ ಪಕ್ಕ ಹಿಡಿದರೆ ಭುಜ ಚಿಕ್ಕದಾಗುವುದಿಲ್ಲ. ಭುಜದ ಹೊಲಿಗೆ ತೋಳಿನ ಮೇಲೆ ಇಳಿದೇ ಇರುತ್ತದೆ. ಅದನ್ನು ಸರಿ ಮಾಡಬೇಕಾದರೆ ತೋಳು ಬಿಚ್ಚಿ ಮತ್ತೆ ಕೂರಿಸಬೇಕು, ಅದಕ್ಕೆ ಇನ್ನೂರರ ಹತ್ತಿರ ಕೇಳುತ್ತಾರೆ. ಬಟ್ಟೆಯ ಅರ್ಧ ಬೆಲೆ ಅಲ್ಲೇ ಹೋಯಿತು. ಚಿಕ್ಕದು ತರಿಸಿ ಬಿಡಿಸುತ್ತೇನೆ ಅಂದರೆ ಅದೂ ಆಗದು. ಟೈಲರ್ ಹೊಲಿದ ಬಟ್ಟೆಯಲ್ಲಿ ಒಳಗೆ ಒಂದು ಇಂಚಾದರೂ ಬಿಟ್ಟಿರುತ್ತಾರೆ. ಈ ಅಗ್ಗದ ರೆಡಿಮೇಡ್‌ನಲ್ಲಿ ಓವರ್‌ಲಾಕ್ ಹಾಕಿ ಅಂಚಿಗೇ ಕತ್ತರಿಸಿರುತ್ತಾರೆ. ಬಿಡಿಸಲು ಬಟ್ಟೆಯೇ ಇರುವುದಿಲ್ಲ.

ಎರಡನೆಯದು, ಎಂ ಮತ್ತು ಎಲ್ ಎರಡೂ ತರಿಸಿ ಒಂದನ್ನು ವಾಪಸ್ ಕಳಿಸುವುದು. ಆಫೀಸಿನಲ್ಲಿ ಇದನ್ನು ಮಾಡುವವರು ತುಂಬಾ ಜನ. ದುಡ್ಡು ವಾರ, ಹತ್ತು ದಿನ ಸಿಕ್ಕಿಹಾಕಿಕೊಳ್ಳುತ್ತದೆ. ಸೇಲ್ ಬಟ್ಟೆಗೆ ಎಷ್ಟೋ ಸಲ ವಾಪಸಾತಿಯೇ ಇಲ್ಲ. ಒಂದು ಕಡೆ ಪ್ರತಿ ವಾಪಸಿಗೂ ಎಪ್ಪತ್ತು–ಎಂಬತ್ತು ರೂಪಾಯಿ ಮುರಿದುಕೊಂಡರು. ಆಗ ಒಂದು ವರ್ಷದಲ್ಲಿ ವಾಪಸ್ ಶುಲ್ಕ, ಆಲ್ಟರೇಶನ್, ಹಾಕದೇ ಬಿದ್ದಿರುವ ಬಟ್ಟೆ ಎಲ್ಲ ಸೇರಿ ಐದಾರು ಸಾವಿರ ಹೋಗಿರಬೇಕು.

ಮೂರನೆಯದು, ಎತ್ತರ ತೂಕ ಹಾಕಿದರೆ ಸೈಜ್ ಹೇಳುವ ಸೌಲಭ್ಯ. ನಾನು ಮತ್ತು ನಮ್ಮ ಆಫೀಸಿನ ಒಬ್ಬರು ಒಂದೇ ಎತ್ತರ, ತೂಕವೂ ಹೆಚ್ಚು ಕಡಿಮೆ ಒಂದೇ. ನನ್ನ ಭುಜ ಅಗಲ, ಅವರ ಸೀಟು (ಸೊಂಟದ ಕೆಳಗಿನ ಹಿಂಭಾಗದ ಸುತ್ತಳತೆ) ಅಗಲ. ಇಬ್ಬರಿಗೂ ಒಂದೇ ಸೈಜ್ ಹೇಳಿತು. ನನಗೆ ಭುಜ ಬಿಗಿ, ಅವರಿಗೆ ಕುರ್ತಾದ ಸೀಳು ಸೊಂಟದ ಹತ್ತಿರ ಬಾಯಿ ಬಿಟ್ಟುಕೊಂಡಿತ್ತು.

ನಾಲ್ಕನೆಯದು ಮೈ ಅಳತೆ. ಇದು ಸರಿಯಾದ ದಾರಿ ಅಂತ ಎಲ್ಲರೂ ಹೇಳುತ್ತಾರೆ. ತೊಂದರೆ ಏನೆಂದರೆ, ಎದೆ 36 ಅಂತ ಅಳೆದ ಮೇಲೆ ಬಟ್ಟೆಯಲ್ಲಿ ಎಷ್ಟು ಸಡಿಲ ಬೇಕು ಅನ್ನುವುದು ಉಳಿಯುತ್ತದೆ. ಹಿಗ್ಗದ ಕಾಟನ್ ಕುರ್ತಾಗೆ ಎರಡರಿಂದ ನಾಲ್ಕು ಇಂಚು ಜಾಸ್ತಿ ಬೇಕು. ಹಿಗ್ಗುವ ಟಿ-ಶರ್ಟ್‌ಗೆ ಮೈಯಷ್ಟೇ ಇದ್ದರೂ ನಡೆಯುತ್ತದೆ. ಯಾರಿಗೆ ಎಷ್ಟು ಸಡಿಲ ಇಷ್ಟ ಅನ್ನುವುದು ಬೇರೆ. ಹಾಕಿ ಹಾಕಿ ರೂಢಿಯಾದ ಬಟ್ಟೆಯಲ್ಲಿ ಈ ಎಲ್ಲ ಲೆಕ್ಕ ಆಗಲೇ ಸೇರಿಕೊಂಡಿರುತ್ತದೆ. ನಾನು ಬಟ್ಟೆಯ ಅಳತೆಗೆ ಹೋಗಿದ್ದು ಅದಕ್ಕೇ.

ಈಗ ಅಳೆಯುವುದು. ಕುರ್ತಾವನ್ನು ಇಸ್ತ್ರಿ ಮಾಡಿ. ಮಂಚದ ಮೇಲೆ ಬೇಡ, ಹಾಸಿಗೆ ತಗ್ಗುತ್ತದೆ. ನೆಲದ ಮೇಲೋ ಮೇಜಿನ ಮೇಲೋ ಹಾಸಿ. ಗುಂಡಿ ಇದ್ದರೆ ಹಾಕಿ. ಬಟ್ಟೆಯನ್ನು ಎಳೆಯಬೇಡಿ, ಕೈಯಿಂದ ಸವರಿ ಸುಕ್ಕು ತೆಗೆದರೆ ಸಾಕು. ಎರಡು ಕಂಕುಳ ಹೊಲಿಗೆಯಿಂದ ಒಂದು ಇಂಚು ಕೆಳಗೆ, ಈ ಪಕ್ಕದಿಂದ ಆ ಪಕ್ಕಕ್ಕೆ ಟೇಪ್ ಇಡಿ. ನನ್ನ ಕುರ್ತಾದಲ್ಲಿ ಹತ್ತೊಂಬತ್ತೂವರೆ ಬರುತ್ತದೆ. ಎರಡರಿಂದ ಗುಣಿಸಿದರೆ 39. ಆಮೇಲೆ ಭುಜ, ಹೊಲಿಗೆಯಿಂದ ಹೊಲಿಗೆಗೆ, ಹದಿನಾಲ್ಕೂವರೆ. ಸೀಟನ್ನು ಪಕ್ಕದ ಸೀಳು ಶುರುವಾಗುವ ಜಾಗದಲ್ಲಿ ಅಳೆಯಿರಿ. ಕೊನೆಗೆ ಉದ್ದ, ಕುತ್ತಿಗೆ ಪಕ್ಕದ ಭುಜದ ಹೊಲಿಗೆಯಿಂದ ಕೆಳ ಅಂಚಿನವರೆಗೆ.

ಇವುಗಳಲ್ಲಿ ನನಗೆ ಭುಜವೇ ಮುಖ್ಯ. ಭುಜ ಹೊಂದಿದರೆ ಉಳಿದದ್ದನ್ನು ಸರಿ ಮಾಡಿಸಬಹುದು. ನಿಮಗೆ ಸೀಟು ಮುಖ್ಯ ಇರಬಹುದು. ಯಾವ ಜಾಗದಲ್ಲಿ ಬಟ್ಟೆ ನಿಮಗೆ ಯಾವಾಗಲೂ ಕೈಕೊಡುತ್ತದೋ ಆ ಅಳತೆಯನ್ನು ಮೊದಲು ಹೊಂದಿಸಿ.

ಪ್ಯಾಂಟಿಗೆ ಸೊಂಟ ಒಂದೇ ನೋಡಿದರೆ ಸಾಲದು. ಕಾಲು ಕೂಡುವ ಹೊಲಿಗೆಯಿಂದ ಮುಂದಿನ ಸೊಂಟಪಟ್ಟಿಯ ಮೇಲಂಚಿನವರೆಗೆ ಎಷ್ಟಿದೆ ಅಳೆಯಿರಿ, ಚಾರ್ಟ್‌ಗಳಲ್ಲಿ ಅದನ್ನು ರೈಸ್ ಅನ್ನುತ್ತಾರೆ. ಹನ್ನೊಂದು ಇಂಚಿದ್ದರೆ ಪಟ್ಟಿ ಹೊಕ್ಕುಳ ಹತ್ತಿರ ಬರುತ್ತದೆ. ಎಂಟಿದ್ದರೆ ಕೆಳಗೆ, ಸೊಂಟದ ಮೂಳೆ ಹತ್ತಿರ ಕೂರುತ್ತದೆ. ಈ ಎರಡು ಜಾಗದಲ್ಲಿ ನನ್ನ ಸುತ್ತಳತೆಗೆ ನಾಲ್ಕು ಇಂಚಿನಷ್ಟು ವ್ಯತ್ಯಾಸ ಇದೆ. ಹಾಗಿರುವಾಗ 32 ಸೊಂಟ ಅಂದರೆ ಯಾವುದು? ಅದೂ ಅಲ್ಲದೆ, ಲೇಬಲ್ ಮೇಲೆ 32 ಅಂತ ಇದ್ದು ಟೇಪ್ ಹಿಡಿದರೆ 34 ಬರುವ ಜೀನ್ಸ್ ನಮ್ಮ ಮನೆಯಲ್ಲೇ ಇವೆ.

ಚಾರ್ಟ್ ಓದುವುದರಲ್ಲೇ ಜನ ಎಡವುವುದು. ಕೆಲವು ಚಾರ್ಟ್ ಮೈ ಅಳತೆ, ಕೆಲವು ಬಟ್ಟೆ ಅಳತೆ, ಕೆಲವರು ಎರಡನ್ನೂ ಕೊಡುತ್ತಾರೆ. 'ಟು ಫಿಟ್' ಅಂತ ಇದ್ದರೆ ಮೈ ಅಳತೆ. ಏನೂ ಬರೆದಿಲ್ಲದಿದ್ದರೆ ನಾನು ಹೀಗೆ ಹಿಡಿಯುತ್ತೇನೆ: ಬರೀ ಎದೆ, ಸೊಂಟ, ಸೀಟು ಇದ್ದರೆ ಬಹುಪಾಲು ಮೈ ಅಳತೆ. ಉದ್ದ, ಭುಜ, ತೋಳಿನ ಉದ್ದ ಸೇರಿದ್ದರೆ ಬಟ್ಟೆ ಅಳತೆ. ಕುರ್ತಾದ ಉದ್ದ ಅನ್ನುವುದು ಮೈಯಲ್ಲಿ ಇರುವುದಿಲ್ಲವಲ್ಲ. ಎದೆ 38 ಅಂತ ಕಂಡಾಗ ಅದು ಮೈಯದೋ ಬಟ್ಟೆಯದೋ ಅನ್ನುವುದರ ಮೇಲೆ ಒಂದು, ಒಂದೂವರೆ ಸೈಜ್ ಆಚೀಚೆ ಆಗುತ್ತದೆ. ಮೈ ಅಳತೆ ಮಾತ್ರ ಕೊಟ್ಟವರಲ್ಲಿ ನಾನು ಹೊಸದಾಗಿ ಕೊಳ್ಳುವುದೇ ಇಲ್ಲ. ಅವರ ಒಂದು ಬಟ್ಟೆ ಮನೆಯಲ್ಲಿದ್ದರೆ ಅದನ್ನು ಅಳೆದು, ಅವರು ಎಷ್ಟು ಸಡಿಲ ಬಿಡುತ್ತಾರೆ ಅಂತ ಲೆಕ್ಕ ಹಾಕುತ್ತೇನೆ. ಹಾಗೆ ಮಾಡಿಕೊಂಡ ಪಟ್ಟಿ ನನ್ನ ಡೈರಿಯಲ್ಲಿದೆ, ಹದಿನೈದಿಪ್ಪತ್ತು ಲೇಬಲ್ ಇರಬಹುದು. ಅದನ್ನು ಇಲ್ಲಿ ಹಾಕುವುದಿಲ್ಲ. ನನ್ನ ಮೈಗೆ, ನನ್ನ ದುಡ್ಡು ಖರ್ಚು ಮಾಡಿ ಕೂರಿಸಿಕೊಂಡದ್ದು ಅದು.

ನಮ್ಮ ದೇಶದಲ್ಲಿ ಎಲ್ಲ ಕಂಪನಿಗಳೂ ಪಾಲಿಸುವ ಒಂದೇ ಸೈಜ್ ಚಾರ್ಟ್ ಅಂತ ಇಲ್ಲ. ಫ್ಯಾಷನ್ ಕಲಿಸುವ ಸರ್ಕಾರಿ ಸಂಸ್ಥೆ ನಿಫ್ಟ್ 'ಇಂಡಿಯಾ ಸೈಜ್' ಹೆಸರಿನಲ್ಲಿ 25,000 ಜನರ ಮೈಯನ್ನು ತ್ರೀಡಿ ಸ್ಕ್ಯಾನರ್‌ನಲ್ಲಿ ಅಳೆಯುವ ಸಮೀಕ್ಷೆ ಕೈಗೆತ್ತಿಕೊಂಡಿದ್ದು ಇದಕ್ಕೇ. ಈಗ ಒಬ್ಬೊಬ್ಬರದು ಒಂದೊಂದು ಲೆಕ್ಕ. ಸ್ಪೇನಿನ ಝಾರಾ, ಸ್ವೀಡನ್ನಿನ ಎಚ್ ಅಂಡ್ ಎಂ ತರಹದವರ ಚಾರ್ಟ್‌ನಲ್ಲಿ ಯುರೋಪಿನ 38 ಅಂದರೆ ಬ್ರಿಟನ್ನಿನ 10, ಅಮೆರಿಕದ 6. ಅವರ ಬಟ್ಟೆಯಲ್ಲಿ ಎದೆ ಸೊಂಟ ಹೊಂದಿದರೂ ಐದಡಿ ಒಂದಿಂಚಿನ ನನ್ನಂಥವರಿಗೆ ಎತ್ತರ ಹೊಂದುವುದಿಲ್ಲ. ಡ್ರೆಸ್‌ನ ಸೊಂಟದ ಹೊಲಿಗೆ ನನಗೆ ಎರಡು ಇಂಚು ಕೆಳಗೆ ಬಂದಿತ್ತು. ಸೊಂಟದಲ್ಲಿ ಹೊಲಿಗೆ ಇರುವ ಬಟ್ಟೆಯಾದರೆ ಭುಜದಿಂದ ಸೊಂಟದವರೆಗಿನ ಉದ್ದವನ್ನೂ ನಾನು ಈಗ ನೋಡುತ್ತೇನೆ. ಅದು ಗೊತ್ತಾಗದಿದ್ದರೆ ನೇರ ಕಟ್ಟಿಂಗ್ ಇರುವುದನ್ನೇ ತರಿಸುತ್ತೇನೆ.

ಓವರ್‌ಸೈಜ್ ಟಿ-ಶರ್ಟ್ ಬಗ್ಗೆ ಒಂದು ಮಾತು. ಮಗ ತನಗೆ ಸಡಿಲ ಬೇಕು ಅಂತ ಎಲ್ ಬದಲು ಎಕ್ಸ್ಎಲ್ ಹಾಕಿಸುತ್ತಿದ್ದ. ಅದರಲ್ಲಿ ನಾಲ್ಕೈದು ಇಂಚು ಸಡಿಲ ಮೊದಲೇ ಇರುತ್ತದೆ. ಮೇಲೆ ಒಂದು ಸೈಜ್ ಏರಿಸಿದರೆ ತೋಳು ಮೊಣಕೈ ದಾಟುತ್ತದೆ. ಭುಜ ಬೇಕಂತಲೇ ಕೆಳಗೆ ಇಳಿಸಿರುವುದರಿಂದ ಇದಕ್ಕೆ ಭುಜದ ಅಳತೆ ಕೆಲಸಕ್ಕೆ ಬರುವುದಿಲ್ಲ. ಎದೆ ಮತ್ತು ಉದ್ದ ಎರಡೇ ನೋಡಿ.

ಮಗಳದು ಇನ್ನೊಂದು ತರಹ. ಮಕ್ಕಳ ಬಟ್ಟೆಯಲ್ಲಿ ವಯಸ್ಸು ಹಾಕಿರುತ್ತಾರೆ, ಅದನ್ನು ನಂಬಬೇಡಿ. ಗೋಡೆಗೆ ನಿಲ್ಲಿಸಿ ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುರುತು ಹಾಕಿ. ಯುರೋಪಿನ ಲೇಬಲ್‌ಗಳಲ್ಲಿ 110, 116, 122 ಅಂತ ಇರುವುದು ಮಗುವಿನ ಎತ್ತರವೇ. 113 ಇದ್ದರೆ 116 ತಗೊಳ್ಳಿ, ಒಂದಷ್ಟು ತಿಂಗಳು ಬರುತ್ತದೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಬಟ್ಟೆ ತೊಳೆದ ಮೇಲೆ ಎಷ್ಟು ಕುಗ್ಗುತ್ತದೆ ನೋಡಬೇಕಿತ್ತು. ಹೊಸ ಕುರ್ತಾದ ಒಳಗಡೆ, ಉದ್ದಕ್ಕೆ ಹತ್ತು ಇಂಚು, ಅಡ್ಡಕ್ಕೆ ಹತ್ತು ಇಂಚು ದೂರದಲ್ಲಿ ಬಣ್ಣದ ದಾರದಿಂದ ಗುರುತಿಗೆ ಒಂದೊಂದು ಹೊಲಿಗೆ ಹಾಕಿದೆ. ರೆಯಾನ್, ಕಾಟನ್, ಪಾಲಿಯೆಸ್ಟರ್, ಮೂರು ಕುರ್ತಾಗೂ. ಮೂರು ಸಲ ತೊಳೆದು ನೆರಳಲ್ಲಿ ಒಣಗಿಸಿ ಅಳೆದೆ. ರೆಯಾನ್ ಉದ್ದಕ್ಕೆ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ ಹೋಗಿತ್ತು, ಕಾಟನ್ ಕಾಲು ಇಂಚಿನ ಮೇಲೆ. ಅಡ್ಡಕ್ಕೆ ಎರಡೂ ಕಡಿಮೆ. ಪಾಲಿಯೆಸ್ಟರ್ ಹಾಗೇ ಇತ್ತು. ಹತ್ತಕ್ಕೆ ಅರ್ಧ ಇಂಚು ಅಂದರೆ 44 ಇಂಚಿನ ಕುರ್ತಾಗೆ ಎರಡು ಇಂಚು! ಆವತ್ತಿನಿಂದ ರೆಯಾನ್ ತರಿಸುವಾಗ ಉದ್ದ 46 ಇಲ್ಲದಿದ್ದರೆ ಬೇಡ ಅಂತ ಬಿಡುತ್ತೇನೆ. ಎದೆಗೂ ಅರ್ಧ ಇಂಚು ಜಾಸ್ತಿ ಇಟ್ಟುಕೊಳ್ಳುತ್ತೇನೆ. ಅಳತೆಗೆ ಇಟ್ಟುಕೊಂಡ ಹಳೇ ಕುರ್ತಾ ಕುಗ್ಗಿ ಮುಗಿದಿರುತ್ತದೆ, ಹೊಸದು ಇನ್ನೂ ಕುಗ್ಗಬೇಕು. ಇದನ್ನು ಮರೆಯಬೇಡಿ.

ರಿವ್ಯೂ ಓದುವುದರಲ್ಲಿ ನಾನು ಹೊತ್ತು ಕಳೆಯುವುದಿಲ್ಲ. 'ಪರ್ಫೆಕ್ಟ್ ಫಿಟ್' ಅಂದವರ ಮೈ ಹೇಗಿದೆ ಯಾರಿಗೆ ಗೊತ್ತು? ಕೊಂಡವರು ಹಾಕಿದ ಫೋಟೋ ಮಾತ್ರ ನೋಡುತ್ತೇನೆ. ಆ ಫೋಟೋದಲ್ಲಿ ಒಂದು ಜಾಗ ನೋಡಿದರೆ ಕಟ್ಟಿಂಗ್ ಚಿಕ್ಕದೋ ಅಲ್ಲವೋ ನನಗೆ ತಿಳಿಯುತ್ತದೆ. ಯಾವ ಜಾಗ ಅಂತ ಹೇಳಲ್ಲ. ಹತ್ತು ಫೋಟೋ ನೋಡಿದರೆ ನಿಮಗೇ ಸಿಗುತ್ತದೆ. ಮಾಡೆಲ್ ಎತ್ತರ, ಅವರು ಹಾಕಿದ ಸೈಜ್ ಕೊಟ್ಟಿದ್ದರೆ ಉದ್ದದ ಅಂದಾಜಿಗೆ ಮಾತ್ರ ಬಳಸಿ. ಫೋಟೋಗೋಸ್ಕರ ಬೆನ್ನ ಹಿಂದೆ ಕ್ಲಿಪ್ ಹಾಕಿ ಹಿಡಿದಿರುವುದು ಇದ್ದದ್ದೇ.

ಪಾರ್ಸೆಲ್ ಬಂದ ದಿನವೇ ಟೇಪ್ ತೆಗೆಯಿರಿ. ಟ್ಯಾಗ್ ಕೀಳಬೇಡಿ. ಎದೆ, ಭುಜ, ಉದ್ದ ಅಳೆದು ಚಾರ್ಟ್ ಜೊತೆ ಹೋಲಿಸಿ. ಅರ್ಧ ಇಂಚು ಆಚೀಚೆ ಇದ್ದರೆ ಅದು ಮಾಮೂಲಿ. ಫ್ಯಾಕ್ಟರಿಯಲ್ಲಿ ಹತ್ತಾರು ಪದರ ಬಟ್ಟೆ ಒಟ್ಟಿ ಒಟ್ಟಿಗೇ ಕತ್ತರಿಸುತ್ತಾರೆ, ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಸ್ವಲ್ಪ ವ್ಯತ್ಯಾಸ ಬರಬಹುದು. ಒಂದು ಇಂಚು ದಾಟಿದರೆ ಹಾಕಿ ನೋಡುವ ಮೊದಲೇ ಟೇಪ್ ಇಟ್ಟು ಫೋಟೋ ತೆಗೆದು ವಾಪಸಿಗೆ ಹಾಕಿ. ನನಗೆ ಒಂದು ಕಡೆ ವಾಪಸ್ ಆಗಲ್ಲ ಅಂದಿದ್ದನ್ನು ಟೇಪ್ ಸಮೇತದ ಫೋಟೋ ಕಳಿಸಿದ ಮೇಲೆ ತಗೊಂಡರು. ಬಟ್ಟೆ ಚೆನ್ನಾಗಿ ಕೂತಿತು ಅಂತ ಅದೇ ಡಿಸೈನ್ ಇನ್ನೊಂದು ಬಣ್ಣದಲ್ಲಿ ತರಿಸಿದರೂ ಮತ್ತೆ ಅಳೆಯಿರಿ. ಕಪ್ಪು ಕುರ್ತಾ ಒಂದು ಫ್ಯಾಕ್ಟರಿಯಿಂದ, ಹಸಿರು ಇನ್ನೊಂದರಿಂದ ಬಂದಿರಬಹುದು. ನನ್ನ ಹತ್ತಿರ ಇರುವ ಅಂಥ ಒಂದು ಜೋಡಿಯಲ್ಲಿ ಭುಜಕ್ಕೇ ಮುಕ್ಕಾಲು ಇಂಚು ವ್ಯತ್ಯಾಸ ಇದೆ.